ಸೊಸೆ ಮಗನನ್ನು ಕರೆದುಕೊಂಡು ಹೋದಳೇ?

ರಾತ್ರಿ ಎಂಟು ಗಂಟೆಯ ಬಳಿಕ ಕರಾವಳಿಯ ಯಾವುದೇ ಪಟ್ಟಣದ ಬಸ್ ನಿಲ್ದಾಣಕ್ಕೆ ಹೋಗಿ ನಿಂತರೆ ಒಂದು ದೃಶ್ಯ ಕಾಣಸಿಗುತ್ತದೆ. ಭಟ್ಕಳವಿರಲಿ, ಕುಂದಾಪುರವಿರಲಿ, ಪುತ್ತೂರಿರಲಿ, ಬೆಂಗಳೂರಿನ ಬಸ್ಸಿಗಾಗಿ ಕಾಯುವವರ ನಡುವೆ ಹೊಸದಾಗಿ ಮದುವೆಯಾದ ಒಂದು ಜೋಡಿ ಇದ್ದೇ ಇರುತ್ತದೆ. ಎರಡು ದೊಡ್ಡ ಸೂಟ್‌ಕೇಸು, ಹಗ್ಗದಿಂದ ಬಿಗಿದ ಹಾಸಿಗೆ, ಕುಚ್ಚಲಕ್ಕಿಯ ಚೀಲ, ಐದಾರು ತೆಂಗಿನಕಾಯಿ, ಉಪ್ಪಿನಕಾಯಿಯ ಡಬ್ಬ, ವಾಸನೆ ಬರದಂತೆ ಮೂರು ಸುತ್ತು ಕಾಗದದಲ್ಲಿ ಕಟ್ಟಿದ ಒಣಮೀನು. ತಂದೆ ಮತ್ತೆ ಮತ್ತೆ ಸೀಟಿನ ಸಂಖ್ಯೆ ಕೇಳುತ್ತಾರೆ. ತಾಯಿ ಹೆಚ್ಚು ಮಾತಾಡುವುದಿಲ್ಲ. ಬಸ್ಸು ಹೊರಟ ಮೇಲೆ, ಮನೆಗೆ ಮರಳುವ ಆಟೋದಲ್ಲಿ ಯಾರಾದರೊಬ್ಬರು ಆ ಮಾತನ್ನು ಹೇಳಿಯೇ ಬಿಡುತ್ತಾರೆ: “ಸೊಸೆ ಮಗನನ್ನು ಕರೆದುಕೊಂಡು ಹೋದಳು.”

ಕೆಲಸ ಸಿಕ್ಕಿದ್ದು ಮಗನಿಗೆ. ಹೋಗುವುದೆಂದು ತೀರ್ಮಾನಿಸಿದ್ದೂ ಅವನೇ. ಸಂಬಳದ ಒಂದು ಪಾಲು ತಿಂಗಳು ತಿಂಗಳು ಊರಿಗೆ ಬರಬೇಕೆಂದು ನಿರೀಕ್ಷಿಸುವವರು ಮನೆಯ ಹಿರಿಯರು. ಆದರೆ ದೂರು ಮಾತ್ರ ಇಪ್ಪತ್ತೆರಡು-ಇಪ್ಪತ್ಮೂರರ ಆ ಹುಡುಗಿಯ ಮೇಲೆ. ಈ ಮಾತು ನೆಂಟರಿಷ್ಟರ ಬಾಯಲ್ಲಿ ಸುತ್ತಿ, ಹೆಂಗಸರ ಕೂಟಗಳಲ್ಲಿ ಹಿಗ್ಗಿ, ಕೊನೆಗೆ ಬೆಂಗಳೂರಿನ ಆ ಒಂದು ಕೋಣೆಯ ಮನೆಯನ್ನೂ ತಲುಪುತ್ತದೆ. ಹಾಗೆ ತಲುಪಿದ ಮಾತು ಅಲ್ಲಿ ಎಷ್ಟು ದಾಂಪತ್ಯಗಳ ನೆಮ್ಮದಿ ಕೆಡಿಸಿದೆಯೆಂಬುದನ್ನು ಕುಟುಂಬ ವ್ಯಾಜ್ಯಗಳ ಪಂಚಾಯಿತಿಗೆ ಕೂರುವ ಜಮಾಅತ್‌ನ ಹಿರಿಯರನ್ನೇ ಕೇಳಿ ತಿಳಿಯಬೇಕು.

ಊರು ಬಿಟ್ಟು ದುಡಿಯುವುದು ನಮಗೆ ಹೊಸತೇನೂ ಅಲ್ಲ. ನಮ್ಮ ಅಜ್ಜಂದಿರು ಮುಂಬೈಗೆ ಹೋದರು. ಎಪ್ಪತ್ತರ ದಶಕದಿಂದ ನಮ್ಮ ತಂದೆಯಂದಿರು ಗಲ್ಫ್ ರಾಷ್ಟ್ರಗಳಿಗೆ ಹೋದರು. ಆ ದುಡಿಮೆಯಿಂದ ಮನೆಗಳೆದ್ದವು, ಶಾಲೆಗಳು ಬಂದವು, ತಂಗಿಯಂದಿರ ಮದುವೆಗಳಾದವು. ಅದರ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಮಾತ್ರ ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯಲ್ಲಿ ಬರುವ ಗಂಡನಿಗಾಗಿ ಯೌವನವಿಡೀ ಕಾದ ಸಾವಿರಾರು ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ತಂದೆಯನ್ನು ಫೋಟೋದಲ್ಲಿ ಗುರುತಿಸಲು ಕಲಿತ ಮಕ್ಕಳೂ ಇದ್ದಾರೆ. ಅದು ಅನಿವಾರ್ಯವಾಗಿತ್ತೆಂದು ಹೇಳಬಹುದು. ಕಡಿಮೆ ಸಂಬಳದವನಿಗೆ ಕುಟುಂಬದ ವೀಸಾ ದೊರೆಯುತ್ತಿರಲಿಲ್ಲ. ದೊರೆತವರಿಗೂ ಹೊರೆ ಹೆಚ್ಚುತ್ತ ಹೋಯಿತು. 2017ರ ಜುಲೈಯಲ್ಲಿ ಸೌದಿ ಅರೇಬಿಯಾ ವಿದೇಶಿ ನೌಕರರ ಅವಲಂಬಿತರಿಗೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ವರ್ಷ ವರ್ಷವೂ ಏರಿದ ಆ ಶುಲ್ಕ 2020ರಲ್ಲಿ 400 ರಿಯಾಲ್ ತಲುಪಿತು. ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ ಒಂಟಿಯಾಗಿ ಉಳಿದವರು, ತಾವೇ ಮರಳಿ ಬಂದವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ.

ಈಗ ಅವರ ಮಕ್ಕಳು ಬೆಂಗಳೂರಿನ ದಾರಿ ಹಿಡಿದಿದ್ದಾರೆ. ಅವರಲ್ಲಿ ಎಲ್ಲರೂ ಸಾಫ್ಟ್‌ವೇರ್ ಎಂಜಿನಿಯರುಗಳಲ್ಲ. ಬಟ್ಟೆ ಅಂಗಡಿಯ ಸೇಲ್ಸ್‌ಮನ್‌ಗಳು, ಹೋಟೆಲ್‌ಗಳ ಮ್ಯಾನೇಜರುಗಳು, ಮೊಬೈಲ್ ಅಂಗಡಿ ಇಟ್ಟವರು, ಖಾಸಗಿ ಕಂಪೆನಿಗಳ ಲೆಕ್ಕಪತ್ರ ನೋಡಿಕೊಳ್ಳುವವರು, ಬೈಕಿನಲ್ಲಿ ಸಾಮಾನು ತಲುಪಿಸುವವರು ಎಲ್ಲರೂ ಸೇರಿದ್ದಾರೆ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರ ಜನಗಣತಿಯಲ್ಲಿ 65 ಲಕ್ಷವಿದ್ದದ್ದು 2011ರಲ್ಲಿ 96 ಲಕ್ಷವಾಯಿತು. ಹತ್ತು ವರ್ಷಗಳಲ್ಲಿ ಹೆಚ್ಚಿದ ಆ 31 ಲಕ್ಷದಲ್ಲಿ ನಮ್ಮ ಊರುಗಳ ಪಾಲೂ ಇದೆ. ಆದರೆ ಒಂದು ವ್ಯತ್ಯಾಸವನ್ನು ನಾವು ಗಮನಿಸಿಲ್ಲ. ಗಲ್ಫ್‌ಗೂ ನಮ್ಮ ಊರಿಗೂ ನಡುವೆ ಕಡಲಿತ್ತು, ವೀಸಾ ಇತ್ತು. ಬೆಂಗಳೂರಿಗೂ ನಮಗೂ ನಡುವೆ ಇರುವುದು ಒಂದು ರಾತ್ರಿಯ ಬಸ್ಸು. ಹೆಂಡತಿಯನ್ನು ಕರೆದೊಯ್ಯಲು ಯಾವ ಸರಕಾರದ ಅನುಮತಿಯೂ ಬೇಕಿಲ್ಲ. ಹೀಗಿದ್ದೂ ಮಗ ಪಿ.ಜಿ.ಯಲ್ಲಿ ಮೂವರೊಂದಿಗೆ ಮಲಗುವುದು, ಸೊಸೆ ಊರಿನ ಮನೆಯಲ್ಲಿ ಅತ್ತೆ ಮಾವಂದಿರಿಗೆ ಅಡುಗೆ ಮಾಡಿಕೊಂಡಿರುವುದು ನಮಗೆ ಸಹಜವಾಗಿ ತೋರುತ್ತಿದೆ. ಗಲ್ಫ್ ಕಾಲದ ಅನಿವಾರ್ಯತೆ ಇಂದು ನಮ್ಮಲ್ಲಿ ಸಂಪ್ರದಾಯವಾಗಿ ಕೂತಿದೆ. ಜೊತೆಯಾಗಿ ಹೋಗುವ ದಂಪತಿಯನ್ನು ಅಪರಾಧಿಗಳಂತೆ ಬೀಳ್ಕೊಡುವ ಮನೋಭಾವದ ಬೇರು ಇರುವುದು ಇಲ್ಲಿಯೇ.

“ಹಾಗಾದರೆ ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಳ್ಳುವವರು ಯಾರು?” ಎಂಬ ಪ್ರಶ್ನೆ ಏಳುತ್ತದೆ. ಇದು ನ್ಯಾಯವಾದ ಪ್ರಶ್ನೆಯೇ. ಮುಸ್ಸಂಜೆಯಲ್ಲಿ ಬರಿದಾದ ಮನೆಯ ಹೊಸ್ತಿಲಲ್ಲಿ ಕೂರುವ ತಾಯಿಯ ಸಂಕಟವನ್ನು ಯಾರೂ ಹಗುರವಾಗಿ ಕಾಣಬಾರದು. ತಂದೆ ತಾಯಿಯ ಸೇವೆಯನ್ನು ಪವಿತ್ರ ಕುರ್‌ಆನ್ ಅಲ್ಲಾಹನ ಆರಾಧನೆಯ ಆದೇಶದ ಬೆನ್ನಿಗೇ ಇರಿಸಿದೆ. ಆದರೆ ಆ ಆದೇಶ ಯಾರಿಗೆ? ಮಕ್ಕಳಿಗೆ. ಮಗನಿಗೆ, ಮಗಳಿಗೆ. ಮಗ ತನ್ನ ಹೊಣೆಯನ್ನು ಹೆಂಡತಿಯ ಹೆಗಲಿಗೆ ದಾಟಿಸಿ, ತಾನು ಪುಣ್ಯವಂತನೆಂದು ನಿಶ್ಚಿಂತನಾಗಿರಲು ಅಲ್ಲಿ ಅವಕಾಶವಿಲ್ಲ. ಸೊಸೆ ಅತ್ತೆ ಮಾವಂದಿರ ಸೇವೆ ಮಾಡಿದರೆ ಅದು ಅವಳ ಔದಾರ್ಯ. ಅದಕ್ಕೆ ಕೃತಜ್ಞತೆ ಸಲ್ಲಬೇಕೇ ಹೊರತು ಅದನ್ನು ಹಕ್ಕಿನಂತೆ ಕೇಳಿ ಪಡೆಯುವಂತಿಲ್ಲ. ಪತ್ನಿಗೆ ವಾಸದ ವ್ಯವಸ್ಥೆ ಮಾಡುವುದು ಪತಿಯ ಹೊಣೆಯೆಂದು ನಮ್ಮ ಮದ್‌ಹಬ್‌ಗಳ ವಿದ್ವಾಂಸರೆಲ್ಲ ಹೇಳಿದ್ದಾರೆ. ದೇಶದ ಕಾನೂನೂ ಈ ವಿಷಯದಲ್ಲಿ ಭಿನ್ನವಾಗಿಲ್ಲ. ಹೆತ್ತವರ ಹಾಗೂ ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ 2007ರ ಕಾಯಿದೆ ‘ಮಕ್ಕಳು’ ಎಂದು ಹೆಸರಿಸಿರುವುದು ಮಗ, ಮಗಳು, ಮೊಮ್ಮಗ, ಮೊಮ್ಮಗಳನ್ನು. ಅದರಲ್ಲಿ ಸೊಸೆಯ ಹೆಸರಿಲ್ಲ.

ಇಸ್ಲಾಮಿನ ಇತಿಹಾಸದಲ್ಲೇ ವಲಸೆ ಹೊರಟ ಒಂದು ಯುವ ದಂಪತಿಯ ಕಥೆಯಿದೆ. ಅಬೂ ಸಲಮಾ ಮತ್ತು ಉಮ್ಮು ಸಲಮಾ ತಮ್ಮ ಪುಟ್ಟ ಮಗುವನ್ನು ಎತ್ತಿಕೊಂಡು ಮಕ್ಕಾದಿಂದ ಮದೀನಾಕ್ಕೆ ಹೊರಟಾಗ ಉಮ್ಮು ಸಲಮಾರ ತವರಿನವರು ಒಂಟೆಯ ಮೂಗುದಾರ ಹಿಡಿದು ಅವರನ್ನು ತಡೆದರು. ನೀನು ಬೇಕಾದರೆ ಹೋಗು, ನಮ್ಮ ಹುಡುಗಿಯನ್ನು ಕಳುಹಿಸುವುದಿಲ್ಲ ಎಂದರು. ಅದನ್ನು ಕಂಡ ಪತಿಯ ಬಂಧುಗಳು, ಹಾಗಾದರೆ ಮಗು ನಮ್ಮದು ಎಂದು ಅದನ್ನು ಕಿತ್ತುಕೊಂಡರು. ಎಳೆದಾಟದಲ್ಲಿ ಮಗುವಿನ ತೋಳು ಉಳುಕಿತು. ಪತಿ ಮದೀನಾದಲ್ಲಿ, ಮಗು ಪತಿಯ ಬಂಧುಗಳಲ್ಲಿ, ತಾಯಿ ತವರಿನಲ್ಲಿ. ಸುಮಾರು ಒಂದು ವರ್ಷ ಅವರು ದಿನವೂ ಊರ ಹೊರಗಿನ ಬಯಲಿಗೆ ಹೋಗಿ ಸಂಜೆಯ ತನಕ ಅಳುತ್ತಾ ಕೂರುತ್ತಿದ್ದರು. ಕೊನೆಗೆ ಬಂಧುವೊಬ್ಬರ ಮನ ಕರಗಿ ಬಿಡುಗಡೆಯಾಯಿತು. ಮಿಂಬರ್‌ಗಳಿಂದ ಈ ಕಥೆಯನ್ನು ಕೇಳುವಾಗ ನಮ್ಮ ಕಣ್ಣು ತೇವವಾಗುತ್ತದೆ. ಎರಡು ಕುಟುಂಬಗಳ ಹಟದ ನಡುವೆ ಇಂದು ನಮ್ಮ ಮನೆಗಳಲ್ಲಿ ಹೀಗೆಯೇ ಹರಿದುಹೋಗುತ್ತಿರುವ ಜೀವಗಳನ್ನು ಕಾಣುವಾಗ ಅದೇ ಕಣ್ಣು ಏಕೆ ಒಣಗಿರುತ್ತದೆ?

ಹಾಗೆಂದು ಜೊತೆಯಾಗಿ ಕಳುಹಿಸಿಬಿಟ್ಟರೆ ಎಲ್ಲವೂ ಸರಿಹೋಯಿತೆಂದು ಭಾವಿಸುವುದೂ ತಪ್ಪು. ಬೆಂಗಳೂರು ಬರಿಗೈಯಲ್ಲಿ ಬಂದವರನ್ನು ಕರುಣೆಯಿಂದ ನೋಡುವ ಊರಲ್ಲ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಅಲ್ಲಿನ ಹಳೆಯ ರೂಢಿ. 15 ಸಾವಿರ ಬಾಡಿಗೆಯ ಮನೆಗೆ ಈ ರೂಢಿಯಂತೆ ಒಂದೂವರೆ ಲಕ್ಷ ರೂಪಾಯಿ ಮೊದಲೇ ಎಣಿಸಬೇಕು. ಕೇಂದ್ರ ಸರಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದೆಂದು ಹೇಳಿತು. ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ, ಮನೆ ಹುಡುಕುತ್ತಾ ಅಲೆಯುವವನ ಕೈಗೆ ಸಿಕ್ಕ ಹಕ್ಕಲ್ಲ.

ಈ ಒಂದೂವರೆ ಲಕ್ಷ ಎಲ್ಲಿಂದ ಬರುತ್ತದೆ? ಅನೇಕ ಮನೆಗಳಲ್ಲಿ ಹುಡುಗಿಯ ಮಹರ್‌ನ ಚಿನ್ನದಿಂದ. ಕೆಲವು ಕಡೆ ಹುಡುಗಿಯ ತಂದೆಯಿಂದ. ವರದಕ್ಷಿಣೆಯ ವಿರುದ್ಧ ದಶಕಗಳ ಕಾಲ ನಡೆದ ಆಂದೋಲನದ ಫಲವಾಗಿ ಬಾಯಿಬಿಟ್ಟು ಹಣ ಕೇಳಲು ಇಂದು ಅನೇಕರು ನಾಚುತ್ತಾರೆ. ಆದರೆ “ಬೆಂಗಳೂರಿನಲ್ಲಿ ಮನೆ ಹಿಡಿಯಬೇಕು, ನಿಮ್ಮ ಮಗಳೇ ಅಲ್ಲವೇ ಇರುವುದು?” ಎಂದು ಕೇಳಲು ನಾಚಿಕೆಯಾಗುವುದಿಲ್ಲ. ಇದು ವರದಕ್ಷಿಣೆಯ ಹೊಸ ವೇಷವಲ್ಲದೆ ಮತ್ತೇನು? ಮಹರ್ ಆಕೆಯ ಸ್ವಂತ ಸೊತ್ತು. ಆಕೆ ಮನಃಪೂರ್ವಕವಾಗಿ ಕೊಟ್ಟರೂ, ದಾನವೆಂದು ಸ್ಪಷ್ಟವಾಗಿ ಹೇಳದಿದ್ದರೆ ಅದನ್ನು ಸಾಲವೆಂದೇ ಪರಿಗಣಿಸಿ ಬರೆದಿಡಬೇಕು. ಸಾಲವನ್ನು ಬರೆದಿಡಬೇಕೆಂಬ ಕುರ್‌ಆನ್‌ನ ಆದೇಶದಿಂದ ಗಂಡ ಹೆಂಡತಿಗೆ ವಿನಾಯಿತಿ ಇಲ್ಲ. ಮನೆ ಬಿಡುವಾಗ ಮಾಲಿಕ ಮರಳಿಸುವ ಮುಂಗಡ ಗಂಡನ ಖಾತೆಗೆ ಸೇರಿ, ಆಕೆಯ ಚಿನ್ನ ನೆನಪಾಗಿ ಮಾತ್ರ ಉಳಿಯುವ ಪ್ರಕರಣಗಳು ಅಪರೂಪವಲ್ಲ.

ಹಣಕ್ಕೆ ಬೇರೆ ದಾರಿಯೇ ಇಲ್ಲವೆನ್ನುವಂತಿಲ್ಲ. ಅದು ನಮ್ಮ ಕಣ್ಣೆದುರಿಗೇ ಇದೆ. ಒಂದು ಹೊತ್ತಿನ ಊಟಕ್ಕಾಗಿ, ಸಭಾಂಗಣದ ಅಲಂಕಾರಕ್ಕಾಗಿ, ನಿಕಾಹ್ ಮುಗಿದ ಬಳಿಕವೂ ವಾರಗಟ್ಟಲೆ ನಡೆಯುವ ಔತಣಗಳಿಗಾಗಿ ನಮ್ಮ ಮಧ್ಯಮ ವರ್ಗದ ಕುಟುಂಬಗಳು ಸಾಲ ಮಾಡಿ ಸುರಿಯುವ ಹಣದಲ್ಲಿ ಇಂಥ ಒಂದಲ್ಲ, ಎರಡು ಮುಂಗಡ ಕೊಡಬಹುದು. ಸಾವಿರ ಜನರಿಗೆ ಬಿರಿಯಾನಿ ಬಡಿಸಿ, ಮದುಮಕ್ಕಳನ್ನು ಬಾಡಿಗೆ ಮನೆಯ ಮುಂಗಡಕ್ಕಾಗಿ ಸಾಲಗಾರರ ಬಾಗಿಲಿಗೆ ಕಳುಹಿಸುವುದು ಯಾವ ವಿವೇಕ?

ಮನೆಯ ಪತ್ರದ ವಿಷಯದಲ್ಲೂ ಎಚ್ಚರ ಬೇಕು. ಬಾಡಿಗೆ ಕರಾರನ್ನು ಸಾಮಾನ್ಯವಾಗಿ 11 ತಿಂಗಳಿಗೆ ಬರೆಯುತ್ತಾರೆ. ಒಂದು ವರ್ಷವನ್ನು ಮೀರುವ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕಾಗುವುದೇ ಇದಕ್ಕೆ ಕಾರಣ. ಅದರಲ್ಲಿ ಮುಂಗಡದ ಮೊತ್ತ, ಅದನ್ನು ಮರಳಿಸುವ ಅವಧಿ, ಬಣ್ಣ ಬಳಿಸಲು ಕಡಿತ ಮಾಡುವ ಮೊತ್ತ ಸ್ಪಷ್ಟವಾಗಿರಲಿ. ಸಾಧ್ಯವಿದ್ದರೆ ಇಬ್ಬರ ಹೆಸರೂ ಇರಲಿ. ‘ಲೀಸ್’ ಎಂಬ ಹೆಸರಿನಲ್ಲಿ ಹಲವು ಲಕ್ಷಗಳನ್ನು ಒಮ್ಮೆಲೇ ಪಡೆದು, ಬಾಡಿಗೆಯಿಲ್ಲದೆ ಮನೆ ಕೊಡುವ ಪದ್ಧತಿಯೂ ಅಲ್ಲಿದೆ. ಸಾಲ ಕೊಟ್ಟು ಅದರಿಂದ ಲಾಭ ಪಡೆಯುವ ಈ ವ್ಯವಹಾರದಲ್ಲಿ ಬಡ್ಡಿಯ ಅಂಶವಿದೆಯೆಂದು ಅನೇಕ ಉಲಮಾಗಳು ಆಕ್ಷೇಪಿಸಿದ್ದಾರೆ. ಅದು ಹಾಗಿರಲಿ, ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ ಕೊಟ್ಟ ಹಣದ ಗತಿಯೇನೆಂದಾದರೂ ಯೋಚಿಸಬೇಕು.

ಇನ್ನು, ಹೆಸರು ಕೇಳಿದ ಕೂಡಲೇ “ಮನೆ ಆಗಲೇ ಹೋಯಿತು” ಎನ್ನುವ ಮಾಲಿಕರ ವಿಚಾರ. ಇದು ಬರೀ ಕಲ್ಪನೆಯಲ್ಲ. ಮುಸ್ಲಿಮರಿಗೆ ಮನೆ ಕೊಳ್ಳಲು, ಬಾಡಿಗೆಗೆ ಪಡೆಯಲು ಎದುರಾಗುವ ಅಡ್ಡಿಯನ್ನು 2006ರ ಸಾಚಾರ್ ಸಮಿತಿಯ ವರದಿಯೇ ದಾಖಲಿಸಿತ್ತು. ನಾಲ್ಕು ಬಾಗಿಲುಗಳಲ್ಲಿ ನಿರಾಕರಣೆ ಕಂಡ ಯುವಕ ಕೊನೆಗೆ ಕೆಲಸದ ಸ್ಥಳದಿಂದ ಎರಡು ಗಂಟೆ ದೂರದ, ತನ್ನವರಿರುವ ಬಡಾವಣೆಗೆ ಹೋಗುತ್ತಾನೆ. ಹೋಗಿ ಬರುವ ನಾಲ್ಕು ಗಂಟೆಯನ್ನು ತೆರುವವಳು ಮನೆಯೊಳಗೆ ಕಾಯುವ ಹೆಂಡತಿ. ಈ ಅನ್ಯಾಯದ ವಿರುದ್ಧ ದನಿ ಎತ್ತಲೇಬೇಕು. ಅದರೊಂದಿಗೆ, ಬಾಗಿಲು ತೆರೆದವರನ್ನೂ ನೆನೆಯಬೇಕು. ಮಗುವಿಗೆ ಜ್ವರ ಬಂದ ರಾತ್ರಿ ಆಸ್ಪತ್ರೆಗೆ ಜೊತೆ ಬಂದ ಮಹಡಿ ಮೇಲಿನ ಅಜ್ಜಿಯ ಜಾತಿ ಧರ್ಮ ಯಾವುದಾಗಿತ್ತು? ಒಂಟಿಯಾಗಿ ಹೊರಟ ಉಮ್ಮು ಸಲಮಾರ ಒಂಟೆಯ ಹಗ್ಗ ಹಿಡಿದು, ಅತ್ಯಂತ ಗೌರವದಿಂದ ಮದೀನಾದ ಹೊರವಲಯದ ತನಕ ತಲುಪಿಸಿದ ಉಸ್ಮಾನ್ ಬಿನ್ ತಲ್‌ಹಾ ಅಂದು ಇನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ತನ್ನವರ ಬಡಾವಣೆಗೆ ಹೋದ ಮಾತ್ರಕ್ಕೆ ಒಂಟಿತನ ನೀಗುತ್ತದೆಂದೂ ಇಲ್ಲ. ಕರಾವಳಿಯ ಹುಡುಗಿಯ ಮನೆಮಾತು ಬ್ಯಾರಿ ಅಥವಾ ನವಾಯತಿ. ನೆರೆಮನೆಯವರು ಆಡುವುದು ದಖನಿ ಉರ್ದು. ಜುಮಾ ಬಯಾನ್ ಉರ್ದುವಿನಲ್ಲಿ. ಊರಿನಲ್ಲಿ ಶಾಫಿ ಮದ್‌ಹಬ್‌ನಂತೆ ಅಸರ್ ಬಾಂಗ್ ಕೇಳಿ ಬೆಳೆದವಳಿಗೆ ಅಲ್ಲಿ ಹನಫಿ ಮಸೀದಿಯ ಬಾಂಗ್ ಬಹಳ ತಡವಾಗಿ ಕೇಳಿಸುತ್ತದೆ. ಮಹಿಳೆಯರಿಗೆ ಸ್ಥಳವಿರುವ ಮಸೀದಿಗಳು ಅಲ್ಲಿಯೂ ಕೆಲವೇ. ಗಂಡ ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿ ಒಂಬತ್ತಕ್ಕೆ ಬರುತ್ತಾನೆ. ಹದಿಮೂರು ಗಂಟೆ ಆಕೆಯ ಜೊತೆಗಿರುವುದು ಮೊಬೈಲ್ ಮಾತ್ರ. ಊರಿನಿಂದ ಬರುವ ಕರೆಗಳಲ್ಲಿ ಅರ್ಧ ಪಾಲು ವಿಚಾರಣೆಯ ಧಾಟಿಯಲ್ಲಿರುತ್ತದೆ.

2022ರಲ್ಲಿ ಹಿಜಾಬ್‌ನ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಕಾಲೇಜಿನ ಗೇಟಿನಲ್ಲಿ ತಡೆದಾಗ ಅವರ ಶಿಕ್ಷಣದ ಹಕ್ಕಿಗಾಗಿ ನಾವೆಲ್ಲ ಮಾತಾಡಿದೆವು. ಮಾತಾಡಿದ್ದು ಸರಿ. ಆದರೆ ಅದೇ ತಲೆಮಾರಿನ ಪದವೀಧರೆ ಮದುವೆಯಾಗಿ ಬೆಂಗಳೂರಿಗೆ ಹೋದಾಗ ಆಕೆಯ ಪ್ರಮಾಣಪತ್ರಗಳು ಊರಿನ ಕಪಾಟಿನಲ್ಲೇ ಉಳಿಯುತ್ತವೆ. ಸೂಟ್‌ಕೇಸಿಗೆ ತುಂಬಿದವರಿಗೆ ಅದು ಬೇಕಾಗಬಹುದೆಂದು ತೋಚುವುದೇ ಇಲ್ಲ. ಗೇಟಿನಲ್ಲಿ ತಡೆದವರನ್ನು ಪ್ರಶ್ನಿಸಿದ ನಾವು ಕಪಾಟಿನ ಬೀಗದ ಬಗ್ಗೆ ಮೌನವಾಗಿದ್ದರೆ ನಮ್ಮ ಹೋರಾಟದ ಪ್ರಾಮಾಣಿಕತೆಯನ್ನು ಯಾರು ನಂಬಿಯಾರು? ಆಕೆ ಶಾಲೆಯೊಂದರಲ್ಲಿ ಕಲಿಸಬಹುದು, ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮುಂದೆ ಕಲಿಯಬಹುದು, ಮನೆಯಿಂದಲೇ ದುಡಿಯಬಹುದು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ನಗರದ ಸಾಮಾನ್ಯ ಬಸ್ಸಿನಲ್ಲಿ ಓಡಾಡಲು ಆಕೆಗೆ ಗುರುತಿನ ಚೀಟಿಯೊಂದಿದ್ದರೆ ಸಾಕು. ಆದರೆ ಬಸ್ಸು ಹತ್ತುವ ಧೈರ್ಯವನ್ನು ಮನೆಯವರು ತುಂಬಬೇಕು. ಏನೂ ಬೇಡ, ಮನೆಯಲ್ಲೇ ಇರುತ್ತೇನೆ ಎಂದು ಆಕೆ ಬಯಸಿದರೆ ಅದೂ ಆಕೆಯ ನಿರ್ಧಾರವೇ. ಆಕೆಯನ್ನು ಕೇಳಿದವರು ಇದ್ದಾರೆಯೇ ಎಂಬುದಷ್ಟೇ ಪ್ರಶ್ನೆ.

ಮತ್ತೊಂದು ವಿಷಯ ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ಹೀಗೆ ಹೋದ ದಂಪತಿಯ ಮತ ಎಲ್ಲಿದೆ? ಹುಡುಗಿಯ ಹೆಸರು ತವರಿನ ಪಟ್ಟಿಯಲ್ಲಿ, ಹುಡುಗನದು ಊರಿನಲ್ಲಿ, ಇಬ್ಬರ ವಾಸ ಬೆಂಗಳೂರಿನಲ್ಲಿ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯ ವೇಳೆ ಆಗಸ್ಟ್ 1ರ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಶಾಶ್ವತವಾಗಿ ಸ್ಥಳಾಂತರಗೊಂಡವರು ಎಂಬುದೂ ಒಂದು. ವಿಳಾಸ ಬದಲಾವಣೆಗೆ ನಮೂನೆ 8 ಇದೆ. ಅದನ್ನು ತುಂಬಲು ಹತ್ತು ನಿಮಿಷ ಸಾಕು. ಹೆಸರು ಅಳಿದ ಮೇಲೆ ಕಚೇರಿಯಿಂದ ಕಚೇರಿಗೆ ಅಲೆಯುವುದಕ್ಕಿಂತ ಅದು ಸುಲಭ.

ಹಾಗಾದರೆ ನಾವು ಮಾಡಬೇಕಾದುದೇನು? ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರೆ ಮದುವೆಯ ಮಾತುಕತೆಯ ಹಂತದಲ್ಲೇ, ಮದುವೆಯ ನಂತರ ಕೆಲಸ ಸಿಕ್ಕಿದರೆ ಬಸ್ಸಿನ ಟಿಕೆಟ್ ತೆಗೆಯುವ ಮುನ್ನ, ಎರಡೂ ಕುಟುಂಬಗಳು ಒಂದು ಸಂಜೆ ಒಟ್ಟಿಗೆ ಕುಳಿತು ಸಮಾಲೋಚನೆ ನಡೆಸಲಿ. ಅದರಲ್ಲಿ ಹುಡುಗಿಯೂ ಕುಳಿತಿರಲಿ, ಬಾಗಿಲ ಮರೆಯಲ್ಲಲ್ಲ. ಎಲ್ಲಿ ವಾಸ, ಮುಂಗಡ ಯಾರದು, ಆಕೆಯ ಕಲಿಕೆ ಮತ್ತು ದುಡಿಮೆಯ ಬಗ್ಗೆ ಆಕೆಯ ಇಷ್ಟವೇನು, ಊರಿನ ತಂದೆ ತಾಯಿಯ ಔಷಧಿ, ಆಸ್ಪತ್ರೆ, ಒಂಟಿತನ ಇವುಗಳನ್ನು ಗಂಡು ಮಕ್ಕಳು ಹೆಣ್ಣು ಮಕ್ಕಳು ಸೇರಿ ಹೇಗೆ ಹಂಚಿಕೊಳ್ಳುವುದು, ತಿಂಗಳಿಗೆ ಎಷ್ಟು ಬಾರಿ ಮಗ ಊರಿಗೆ ಬರುವುದು, ಹೆತ್ತವರು ಯಾವಾಗ ಅಲ್ಲಿಗೆ ಹೋಗಿ ನಾಲ್ಕು ದಿನ ಇರುವುದು, ಎಲ್ಲವೂ ಚರ್ಚೆಯಾಗಲಿ. ಹುಡುಗಿಯ ತವರಿನಲ್ಲೂ ವಯಸ್ಸಾದ ತಂದೆ ತಾಯಿ ಇದ್ದಾರೆಂಬುದನ್ನು ಹುಡುಗನಿಗೆ ಅಂದೇ ನೆನಪಿಸಲಿ. ಹೀಗೆ ಮಾತಾಡಿ ಹೊರಟವರ ಬೆನ್ನಿಗೆ ದೂರು ಹೋಗುವುದಿಲ್ಲ.

ಜಮಾಅತ್‌ಗಳಿಗೂ ಇಲ್ಲಿ ಕೆಲಸವಿದೆ. ಊರು ಬಿಟ್ಟವನನ್ನು ವಂತಿಗೆಯ ಪಟ್ಟಿಯಲ್ಲಿ ಮಾತ್ರ ನೆನೆಯುವ ಬದಲು, ಬೆಂಗಳೂರಿನಲ್ಲಿ ಈಗಾಗಲೇ ನೆಲೆಸಿದ ನಮ್ಮೂರಿನ ಒಂದು ಕುಟುಂಬದ ಜೊತೆ ಹೊಸದಾಗಿ ಹೋಗುವ ಕುಟುಂಬವನ್ನು ಜೋಡಿಸಿಕೊಡಲಿ. ಮದೀನಾಕ್ಕೆ ಬಂದ ಒಬ್ಬೊಬ್ಬ ಮುಹಾಜಿರರಿಗೂ ಒಬ್ಬೊಬ್ಬ ಅನ್ಸಾರಿಯನ್ನು ಸಹೋದರರನ್ನಾಗಿ ಮಾಡಿದ ಪ್ರವಾದಿ(ಸ)ಯವರ ಮಾದರಿ ನಮ್ಮ ಮುಂದಿದೆ. ಮೊದಲ ತಿಂಗಳು ಒಂದು ಮನೆಯಿಂದ ಒಂದು ಊಟ, ಹುಡುಗಿಗೆ ಮಾತಾಡಲು ತನ್ನ ಭಾಷೆಯ ಒಬ್ಬ ಹಿರಿಯ ಹೆಂಗಸು, ಯಾವ ಆಸ್ಪತ್ರೆ ಯಾವ ಶಾಲೆ ಎಂದು ತಿಳಿಸುವವರು ಒಬ್ಬರು. ಇದಕ್ಕೆ ಕಟ್ಟಡ ಬೇಕಿಲ್ಲ, ಸಮಿತಿ ಬೇಕಿಲ್ಲ, ಉದ್ಘಾಟನೆಯೂ ಬೇಕಿಲ್ಲ.

ಮಗ ದೂರ ಹೋಗುವಾಗ ತಾಯಿಯ ಕರುಳು ಕಿವುಚುವುದನ್ನು ಯಾರಿಂದಲೂ ತಡೆಯಲಾಗದು. ಆ ನೋವಿಗೆ ಅಪರಾಧಿಯೊಬ್ಬಳನ್ನು ಹುಡುಕುವುದನ್ನು ಮಾತ್ರ ತಡೆಯಬಹುದು. ಮುಂದಿನ ಸಲ ಬಸ್ಸು ಹೊರಟ ಮೇಲೆ ಆಟೋದಲ್ಲಿ ಯಾರಾದರೂ ಆ ಹಳೆಯ ಮಾತನ್ನು ಆಡಲು ಬಾಯಿ ತೆರೆದರೆ, ಮನೆಯ ಯಜಮಾನರೇ ಅದನ್ನು ಅಲ್ಲಿಗೇ ತಡೆದು, “ಇಲ್ಲ, ನಾವೇ ಇಬ್ಬರನ್ನೂ ಕಳುಹಿಸಿಕೊಟ್ಟೆವು” ಎನ್ನಲಿ. ಮರುದಿನ ಬೆಳಿಗ್ಗೆ ಮಗನಿಗೆ ಮಾತ್ರ ಕರೆ ಮಾಡದೆ ಸೊಸೆಗೂ ಮಾಡಿ, ಮೊದಲ ರಾತ್ರಿ ಹೊಸ ಮನೆಯಲ್ಲಿ ನಿದ್ದೆ ಬಂತೇ ಎಂದು ಕೇಳಲಿ.